ಕನ್ನಡ ಪುಟ ಎಡವುವುದೆಲ್ಲಿ?

2025ರ ಜುಲೈ 14ರಂದು ಹಿರಿಯ ನಟಿ ಬಿ. ಸರೋಜಾದೇವಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ನಿಧನರಾದರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರ ಅಂತಿಮ ದರ್ಶನ ಪಡೆದ ಸುದ್ದಿ ಮರುದಿನ ಮೆಟಾ ಸಂಸ್ಥೆಯ ಜಾಲತಾಣದಲ್ಲಿ ಕನ್ನಡದಲ್ಲಿ ಪ್ರಕಟವಾಯಿತು. ಅದನ್ನು ಇಂಗ್ಲಿಷಿಗೆ ತಿರುಗಿಸಿದ ಯಂತ್ರ, ತೀರಿಕೊಂಡವರು ಮುಖ್ಯಮಂತ್ರಿಯೇ ಎಂಬ ಅರ್ಥ ಬರುವ ಹಾಗೆ ಬರೆಯಿತು. ಮುಖ್ಯಮಂತ್ರಿಗಳ ಮಾಧ್ಯಮ ಸಲಹೆಗಾರ ಕೆ.ವಿ. ಪ್ರಭಾಕರ್ ಸಂಸ್ಥೆಗೆ ಪತ್ರ ಬರೆದು, ಕನ್ನಡದ ಅನುವಾದ ನಂಬುವಂತಾಗುವ ತನಕ ಸ್ವಯಂಚಾಲಿತ ಅನುವಾದವನ್ನು ನಿಲ್ಲಿಸಬೇಕೆಂದು ಕೇಳಿದರು. ದೋಷ ಸರಿಪಡಿಸಿದ್ದೇವೆ ಎಂದು ಹೇಳಿದ ಮೆಟಾ ಕ್ಷಮೆಯನ್ನೂ ಕೇಳಿತು.

ಮುಖ್ಯಮಂತ್ರಿಯ ಹೆಸರಿದ್ದುದರಿಂದ ಆ ತಪ್ಪು ನಾಲ್ಕೇ ದಿನದಲ್ಲಿ ಬಯಲಾಗಿ ಸರಿಹೋಯಿತು. ರಾಜಾಜಿನಗರದ ಸೈಬರ್ ಸೆಂಟರಿನಲ್ಲಿ ಕುಳಿತು ಪಿಂಚಣಿ ಅರ್ಜಿ ತುಂಬುವವರು, ವಿಜಯನಗರದ ಮನೆಗೆ ಇ-ಖಾತಾ ಬೇಕಾದವರು, ಕೆಂಗೇರಿಯಿಂದ ಮೆಟ್ರೊ ಹಿಡಿಯುವವರು ದಿನವೂ ಎದುರಿಸುವ ಚಿಕ್ಕ ದೊಡ್ಡ ತಪ್ಪುಗಳಿಗೆ ಅಂಥ ಅದೃಷ್ಟವಿಲ್ಲ. ‘ಕನ್ನಡ’ ಎಂಬ ಗುಂಡಿ ಒತ್ತಿದರೆ ಅರ್ಧ ಪುಟ ಇಂಗ್ಲಿಷಿನಲ್ಲೇ ಉಳಿಯುತ್ತದೆ. ಹೆಸರು ಬರೆದರೆ ಒಪ್ಪುವುದಿಲ್ಲ. ಓದಿದರೆ ಅರ್ಥವಾಗುವುದಿಲ್ಲ. ಕೊನೆಗೆ ಓದುಗರೇ ಇಂಗ್ಲಿಷ್ ಪುಟಕ್ಕೆ ಮರಳುತ್ತಾರೆ, ಅಥವಾ ಇಂಗ್ಲಿಷ್ ಬಲ್ಲ ಇನ್ನೊಬ್ಬರ ಕೈಗೆ ತಮ್ಮ ದಾಖಲೆಗಳನ್ನು ಕೊಡುತ್ತಾರೆ.

ಇವೆಲ್ಲವನ್ನೂ ನಾವು ‘ಅನುವಾದ ಸರಿಯಿಲ್ಲ’ ಎಂಬ ಒಂದೇ ದೂರಿನಲ್ಲಿ ಸೇರಿಸಿಬಿಡುತ್ತೇವೆ. ಜ್ವರವೆಂದು ಬಂದವರಿಗೆಲ್ಲ ಒಂದೇ ಮಾತ್ರೆ ಕೊಡಲಾಗದು. ಮೂಲ ಯಾವುದೆಂದು ನೋಡಬೇಕು. ಬಹುಭಾಷಾ ಜಾಲತಾಣದ ದೋಷಗಳಲ್ಲಿ ಅನುವಾದಕರ ಕೈಯಿಂದ ಆಗುವವು ಒಂದು ಪಾಲು ಮಾತ್ರ. ಉಳಿದವು ಅಕ್ಷರಗಳ ಸಂಕೇತದಲ್ಲಿ, ಹೆಸರುಗಳ ದಾಖಲೆಯಲ್ಲಿ, ವಾಕ್ಯ ಜೋಡಿಸುವ ತಂತ್ರಾಂಶದಲ್ಲಿ, ಯಂತ್ರಾನುವಾದದಲ್ಲಿ, ಪುಟದ ಏರ್ಪಾಟಿನಲ್ಲಿ ಹುಟ್ಟುತ್ತವೆ. ದೋಷ ಯಾವ ಹಂತದ್ದೆಂದು ತಿಳಿಯದೆ ಪದಗಳನ್ನು ಬದಲಿಸುತ್ತ ಹೋದರೆ ಶ್ರಮ ವ್ಯರ್ಥ. ಈ ಹಂತಗಳನ್ನು ಒಂದೊಂದಾಗಿ ನೋಡುವುದು ಈ ಲೇಖನದ ಉದ್ದೇಶ.

ಅಕ್ಷರವೇ ಕೈಕೊಟ್ಟಾಗ

ಕನ್ನಡ ಗಣಕದ ಚರಿತ್ರೆಯನ್ನು ಬಿಟ್ಟು ಇಂದಿನ ದೋಷಗಳು ಅರ್ಥವಾಗುವುದಿಲ್ಲ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೆ ಜನಬಳಕೆಯ ಗಣಕಗಳಲ್ಲಿ ಅದು ಕೆಲಸಕ್ಕೆ ಬಂದದ್ದು ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಅಕ್ಷರಶೈಲಿಯೊಡನೆ ಬಂದ 2001ರ ನಂತರ. ಯೂನಿಕೋಡ್ ಬಳಕೆ ಹರಡುವ ತನಕ ಕನ್ನಡವನ್ನು ಗಣಕದಲ್ಲಿ ಉಳಿಸಿ ಬೆಳೆಸಿದ್ದು ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಖಾಸಗಿ ಸಂಸ್ಥೆಗಳ ಹಲವು ತಂತ್ರಾಂಶಗಳು. ಇವುಗಳ ಹಳೆಯ ಆವೃತ್ತಿಗಳಲ್ಲಿ ಇಂಗ್ಲಿಷ್ ಅಕ್ಷರದ ಸಂಕೇತದ ಮೇಲೆಯೇ ಕನ್ನಡದ ಆಕಾರವನ್ನು ಕೂರಿಸಲಾಗಿತ್ತು. ಆ ಅಕ್ಷರಶೈಲಿ ಇದ್ದ ಗಣಕದಲ್ಲಿ ಅದು ಚೆಂದದ ಕನ್ನಡ. ಇಲ್ಲದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಗೋಜಲು.

ರಾಜಾಜಿನಗರ, ವಿಜಯನಗರಗಳ ಡಿಟಿಪಿ ಅಂಗಡಿಗಳಲ್ಲೂ ಸರ್ಕಾರಿ ಕಚೇರಿಗಳಲ್ಲೂ ಹೀಗೆ ಟೈಪಾದ ಕಡತಗಳಿಗೆ ಲೆಕ್ಕವಿಲ್ಲ. ಆ ಪಠ್ಯವನ್ನು ನಕಲು ಮಾಡಿ ಜಾಲತಾಣಕ್ಕೆ ಅಂಟಿಸಿದರೆ ಕನ್ನಡ ಕಾಣುವುದಿಲ್ಲ. ಪಿಡಿಎಫ್ ಮಾಡಿ ಏರಿಸಿದರೆ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಯಂತ್ರಾನುವಾದಕ್ಕೆ ಕೊಟ್ಟರೆ ಅದು ಕನ್ನಡವೆಂದೇ ಯಂತ್ರಕ್ಕೆ ತಿಳಿಯದು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಅದಕ್ಕೆ ಬೇಕಾದ ಪರಿವರ್ತಕಗಳನ್ನು ಕನ್ನಡದ ಸ್ವತಂತ್ರ ತಂತ್ರಾಂಶ ಬಳಗದವರು ಉಚಿತವಾಗಿ ಕೊಟ್ಟಿದ್ದಾರೆ. ಪರಿವರ್ತನೆಯ ನಂತರ ಒಮ್ಮೆ ಓದಿ ತಿದ್ದುವುದು ಮಾತ್ರ ಮನುಷ್ಯರ ಕೆಲಸ.

ಯೂನಿಕೋಡ್ ಬಂದ ಮೇಲೂ ಉಳಿದ ದೋಷಗಳು ಇನ್ನಷ್ಟು ಸೂಕ್ಷ್ಮ. ರಾಜಾಜಿನಗರದ ಬೆನ್ನೆಲುಬಿನಂತಿರುವ ಡಾ. ರಾಜ್‌ಕುಮಾರ್ ರಸ್ತೆಯನ್ನೇ ನೋಡಿ. ‘ರಾಜ್‌ಕುಮಾರ್’ ಎಂದು ಸರಿಯಾಗಿ ಕಾಣಲು ಜಕಾರ ಕಕಾರಗಳ ನಡುವೆ ಕಣ್ಣಿಗೆ ಕಾಣದ, ಅಗಲವಿಲ್ಲದ ಒಂದು ಚಿಹ್ನೆ ಇರಬೇಕು. ಅನಗತ್ಯ ಚಿಹ್ನೆಗಳನ್ನು ತೆಗೆಯುವಂತೆ ಬರೆದ ತಂತ್ರಾಂಶ ಅದನ್ನೂ ಕಿತ್ತೊಗೆದರೆ ಅದೇ ಹೆಸರು ‘ರಾಜ್ಕುಮಾರ್’ ಆಗುತ್ತದೆ. ‘ರ‍್ಯಾಲಿ’ ಎಂದು ಬರೆಯಲೂ ಇಂಥದೇ ಇನ್ನೊಂದು ಚಿಹ್ನೆ ಬೇಕು. ಒಂದೇ ರಸ್ತೆಯ ಹೆಸರನ್ನು ಮೂವರು ಮೂರು ಬಗೆಯಲ್ಲಿ ಟೈಪಿಸಿದರೆ, ನಮಗೆ ಒಂದೇ ಆದರೂ ಗಣಕಕ್ಕೆ ಅವು ಮೂರು ರಸ್ತೆಗಳು.

ಇನ್ನೊಂದು ದೋಷ ಕನ್ನಡ ಪುಟಗಳಲ್ಲಿ ಎಲ್ಲೆಲ್ಲೂ ಇದೆ: ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆ. ‘ಬೆಂಗಳೂರು’ ಮತ್ತು ‘ಬೆ೦ಗಳೂರು’ ನೋಡಲು ಹೆಚ್ಚುಕಡಿಮೆ ಒಂದೇ. ಎರಡನೆಯದರಲ್ಲಿರುವುದು ಸೊನ್ನೆಯ ಅಂಕಿ. ಹುಡುಕಾಟದಲ್ಲಿ ಅದು ಊರಿನ ಹೆಸರೇ ಅಲ್ಲ. ‘ಕೊ’ ಎಂಬ ಅಕ್ಷರದ ಒಕಾರವನ್ನು ಒಂದೇ ಚಿಹ್ನೆಯಾಗಿಯೂ ಎರಡು ಚಿಹ್ನೆಗಳ ಜೋಡಿಯಾಗಿಯೂ ದಾಖಲಿಸಬಹುದು. ಇಂಥ ಜೋಡಿಗಳನ್ನು ಒಂದೇ ರೂಪಕ್ಕೆ ತರುವ ಕ್ರಮವನ್ನು ಯೂನಿಕೋಡ್ ಹೇಳಿದೆ. ಅದನ್ನು ಪಾಲಿಸಬೇಕಾದವರು ಜಾಲತಾಣ ಕಟ್ಟುವವರು. ಅನುಸ್ವಾರ ಮತ್ತು ಸೊನ್ನೆಯ ಗೊಂದಲವನ್ನು ಮಾತ್ರ ಅದು ಬಗೆಹರಿಸದು, ಬೇರೆಯಾಗಿಯೇ ಪರೀಕ್ಷಿಸಬೇಕು.

ಜಾಗದ ಕೊರತೆಯೂ ಇದೇ ಹಂತದ ಸಮಸ್ಯೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ಬೆಂಗಳೂರು ಎಂಬ ಹೆಸರು ಇಂಗ್ಲಿಷಿನಲ್ಲಿ 9 ಬೈಟ್, ಕನ್ನಡದಲ್ಲಿ 24. ಬೈಟ್ ಲೆಕ್ಕದಲ್ಲಿ ಮಿತಿ ಇಟ್ಟ ದಾಖಲೆಯಲ್ಲಿ ಕನ್ನಡ ವಿಳಾಸ ನಡುವೆಯೇ ತುಂಡಾಗುತ್ತದೆ. ಮೊಬೈಲಿನ ಕಿರುಸಂದೇಶದಲ್ಲೂ ಇಂಗ್ಲಿಷಿಗೆ 160 ಅಕ್ಷರ ಹಿಡಿಸಿದರೆ ಕನ್ನಡಕ್ಕೆ 70 ಚಿಹ್ನೆ ಮಾತ್ರ. ಇಂಗ್ಲಿಷ್ ಅಳತೆಗೆ ಮಾಡಿದ ಗುಂಡಿಗಳಲ್ಲಿ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುವುದನ್ನು ಎಲ್ಲರೂ ನೋಡಿದ್ದೇವೆ. ಇಲ್ಲಿ ಅನುವಾದಕರು ಯಾವ ತಪ್ಪನ್ನೂ ಮಾಡಿಲ್ಲ.

ಹೆಸರುಗಳ ಪಾಡು

ಹೆಸರುಗಳಿಗೆ ಅನುವಾದ ಬೇಡ, ಲಿಪಿ ಬದಲಾದರೆ ಸಾಕು. ಅಷ್ಟರಲ್ಲೇ ಬೇಕಾದಷ್ಟು ಕಷ್ಟಗಳಿವೆ. ಬೆಂಗಳೂರು ಪಶ್ಚಿಮದ ಕಾಮಾಕ್ಷಿಪಾಳ್ಯ, ಮೂಡಲಪಾಳ್ಯಗಳನ್ನು ಇಂಗ್ಲಿಷಿನಲ್ಲಿ ಬರೆದ ಕೂಡಲೇ ದೀರ್ಘವೂ ಹೋಗುತ್ತದೆ, ಳಕಾರವೂ ಹೋಗುತ್ತದೆ. ಆ ಇಂಗ್ಲಿಷ್ ಪಟ್ಟಿಯಿಂದ ಯಂತ್ರ ಮತ್ತೆ ಕನ್ನಡಕ್ಕೆ ತಂದಾಗ ಪಾಳ್ಯ ‘ಪಲ್ಯ’ವಾಗಬಹುದು. ನಾಗರಬಾವಿಯ ಬಾವಿ ‘ಭಾವಿ’ಯಾಗಿದೆ. ಇಲ್ಲಿನ ನಿಯಮ ಸರಳ. ಊರಿನ ಕನ್ನಡ ಹೆಸರೇ ಮೂಲ ದಾಖಲೆಯಾಗಬೇಕು, ಇಂಗ್ಲಿಷ್ ರೂಪ ಅದರಿಂದ ಬರಬೇಕು. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಕಳೆದ ಧ್ವನಿ ಹಿಂದಿರುಗಿ ಬರುವುದಿಲ್ಲ.

ಹೆಸರನ್ನೇ ಗುರುತಿನ ಸಂಖ್ಯೆಯಂತೆ ಬಳಸುವುದು ಇನ್ನೊಂದು ಅಪಾಯ. ಬೆಂಗಳೂರಿನ ವಿಜಯನಗರ ಒಂದು ಬಡಾವಣೆ, ಅದೇ ಹೆಸರಿನ ವಿಧಾನಸಭಾ ಕ್ಷೇತ್ರವೂ ಇದೆ. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಟ್ಟುಕೊಂಡು ವಿಜಯನಗರ ಜಿಲ್ಲೆಯೂ ಹುಟ್ಟಿತು. ಇಂಗ್ಲಿಷ್ ಬರಹದಲ್ಲಿ ಕೊನೆಯ ಸ್ವರದ ವ್ಯತ್ಯಾಸವಾದರೂ ಕಾಣಬಹುದು, ಕನ್ನಡದಲ್ಲಿ ಎಲ್ಲವೂ ವಿಜಯನಗರವೇ. 2014ರ ನವೆಂಬರ್ 1ರಂದು ಬೆಂಗಳೂರು ಸೇರಿ 12 ನಗರಗಳ ಇಂಗ್ಲಿಷ್ ಹೆಸರು ಬದಲಾದವು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು. ಪುಟಪುಟದಲ್ಲೂ ಹೆಸರನ್ನು ನೇರವಾಗಿ ಬರೆದಿಟ್ಟ ಜಾಲತಾಣದಲ್ಲಿ ಇಂಥ ಬದಲಾವಣೆಯ ನಂತರ ಹಳತು ಹೊಸತು ಎರಡೂ ಬೆರೆಯುತ್ತವೆ, ಇಂಗ್ಲಿಷ್ ಪುಟ ಒಂದು ಹೇಳಿದರೆ ಕನ್ನಡ ಪುಟ ಇನ್ನೊಂದು ಹೇಳುತ್ತದೆ. ಸ್ಥಳಕ್ಕೊಂದು ಸಂಖ್ಯೆ, ಆ ಸಂಖ್ಯೆಗೆ ಎರಡೂ ಭಾಷೆಯ ಹೆಸರುಗಳು ಒಂದೇ ಕಡೆ ಇದ್ದರೆ ತಿದ್ದುಪಡಿ ಒಂದೇ ಸಲಕ್ಕೆ ಮುಗಿಯುತ್ತದೆ.

ವ್ಯಕ್ತಿಗಳ ಹೆಸರಿನಲ್ಲಿ ಈ ದೋಷ ನೇರವಾಗಿ ಬದುಕನ್ನು ತಟ್ಟುತ್ತದೆ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತಾ ವ್ಯವಸ್ಥೆ ಜಾರಿಗೆ ಬಂದ ಮೇಲೆ ಹಳೆಯ ಕನ್ನಡ ದಾಖಲೆ, ಕ್ರಯಪತ್ರ, ಆಧಾರ್ ಇವುಗಳಲ್ಲಿನ ಹೆಸರು ಹೊಂದಬೇಕಾಯಿತು. ಲಕ್ಷ್ಮಿ, ಗೌಡ, ಶೆಟ್ಟಿ ಎಂಬ ಹೆಸರುಗಳಿಗೆ ಇಂಗ್ಲಿಷಿನಲ್ಲಿ ಎರಡು ಮೂರು ಕಾಗುಣಿತಗಳಿವೆ. ತಂದೆಯ ಹೆಸರಿನ ಮೊದಲಕ್ಷರ ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಅಕ್ಷರಕ್ಕೆ ಅಕ್ಷರ ಹೋಲಿಸುವ ತಂತ್ರಾಂಶಕ್ಕೆ ಒಬ್ಬರೇ ಇಬ್ಬರಾಗಿ ಕಾಣುತ್ತಾರೆ. ಕಾಗುಣಿತದ ಇಷ್ಟು ವ್ಯತ್ಯಾಸವನ್ನು ಒಪ್ಪುವ ಹೋಲಿಕೆ, ಸಂಶಯವಿದ್ದಲ್ಲಿ ಅಧಿಕಾರಿಯೇ ನೋಡಿ ತೀರ್ಮಾನಿಸುವ ದಾರಿ, ಎರಡೂ ಇರಲೇಬೇಕು.

ವಾಕ್ಯ ಜೋಡಿಸುವ ಬಗೆ

ಇಂಗ್ಲಿಷ್ ಮನಸ್ಸಿನಿಂದ ಕಟ್ಟಿದ ತಂತ್ರಾಂಶ ವಾಕ್ಯದಲ್ಲಿ ಖಾಲಿ ಜಾಗ ಬಿಟ್ಟು ಅಲ್ಲಿ ಹೆಸರು ತುಂಬುತ್ತದೆ. ಇಂಗ್ಲಿಷಿನಲ್ಲಿ ಹೆಸರಿನ ರೂಪ ಬದಲಾಗುವುದಿಲ್ಲವಾದ್ದರಿಂದ ಇದು ನಡೆಯುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಹೆಸರಿನ ಕೊನೆಯ ಸ್ವರವನ್ನು ನೋಡಿ ಅಂಟಿಕೊಳ್ಳುತ್ತದೆ. ಬೆಂಗಳೂರು ಮೆಟ್ರೊದ ನೇರಳೆ ಮಾರ್ಗದ ನಿಲ್ದಾಣಗಳನ್ನೇ ತೆಗೆದುಕೊಳ್ಳಿ: ವಿಜಯನಗರಕ್ಕೆ, ಅತ್ತಿಗುಪ್ಪೆಗೆ, ಕೆಂಗೇರಿಗೆ, ಚಲ್ಲಘಟ್ಟಕ್ಕೆ, ವಿಜಯನಗರದಿಂದ, ಕೆಂಗೇರಿಯಿಂದ. ಖಾಲಿ ಜಾಗದ ಮುಂದೆ ‘ಗೆ’ ಎಂದು ಒಂದೇ ಪ್ರತ್ಯಯ ಬರೆದಿಟ್ಟರೆ ‘ವಿಜಯನಗರ ಗೆ’ ಎಂಬ ರೂಪ ಬರುತ್ತದೆ. ಈ ಬಗೆಯ ಕನ್ನಡವನ್ನು ನಾವು ಎಷ್ಟು ನೋಡಿದ್ದೇವೆಂದರೆ ಅದು ದೋಷವೆನಿಸುವುದನ್ನೇ ಬಿಟ್ಟಿದೆ.

ಇದಕ್ಕೆ ಎರಡು ಪರಿಹಾರಗಳಿವೆ. ಪ್ರತ್ಯಯ ಸೇರಿಸುವ ನಿಯಮವನ್ನು ತಂತ್ರಾಂಶದಲ್ಲಿ ಬರೆಯುವುದು ಒಂದು; ಕೊನೆಯ ಅಕ್ಷರ ವ್ಯಂಜನವಾಗಿರುವ ಮೆಜೆಸ್ಟಿಕ್‌ನಂಥ ಹೆಸರುಗಳಲ್ಲಿ ಇದು ತೊಡಕಾಗುತ್ತದೆ. ಪ್ರತ್ಯಯವೇ ಬೇಡದಂತೆ ವಾಕ್ಯವನ್ನು ಬದಲಿಸುವುದು ಇನ್ನೊಂದು. ‘ಹೊರಡುವ ನಿಲ್ದಾಣ: ಕೆಂಗೇರಿ, ತಲುಪುವ ನಿಲ್ದಾಣ: ವಿಜಯನಗರ’ ಎಂದು ಬರೆದರೆ ಎಲ್ಲ ಹೆಸರಿಗೂ ಹೊಂದುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ, ಏಕೆಂದರೆ ಹೊಸ ಹೆಸರು ಬಂದರೂ ಅದು ಕೆಡುವುದಿಲ್ಲ.

ವಚನ ಮತ್ತು ಗೌರವದ ವಿಷಯವೂ ಹೀಗೆಯೇ. ಭಾಷೆಗಳ ವಚನ ನಿಯಮಗಳ ಅಂತರರಾಷ್ಟ್ರೀಯ ಸಂಗ್ರಹದಲ್ಲಿ ಕನ್ನಡಕ್ಕೆ ಎರಡು ವರ್ಗಗಳಿವೆ: ಸೊನ್ನೆ ಮತ್ತು ಒಂದು ಏಕವಚನದಲ್ಲಿ, ಉಳಿದವು ಬಹುವಚನದಲ್ಲಿ. ಇಂಗ್ಲಿಷಿನಲ್ಲಿ ಸೊನ್ನೆ ಬಹುವಚನದ ಕಡೆಗಿದೆ. ‘3 ಅರ್ಜಿಗಳು ಬಂದಿವೆ’ ಎಂಬ ವಾಕ್ಯದ ಅಚ್ಚಿನಲ್ಲಿ ‘ಅರ್ಜಿದಾರರು’ ಎಂದು ತುಂಬಿದರೆ ಕ್ರಿಯಾಪದವೂ ‘ಬಂದಿದ್ದಾರೆ’ ಎಂದಾಗಬೇಕು. ಬಳಕೆದಾರರು ಗಂಡಸೋ ಹೆಂಗಸೋ ತಿಳಿಯದೆ ತಂತ್ರಾಂಶ ‘ಅವನು’ ಎಂದು ಊಹಿಸುವುದು ತಪ್ಪು. ‘ಅವರು’ ಎಂಬ ಗೌರವ ರೂಪ ಕನ್ನಡದಲ್ಲಿ ಸಿದ್ಧವಾಗಿಯೇ ಇದೆ. ‘ಒತ್ತು’ ಎಂದು ಅಪ್ಪಣೆ ಮಾಡುವುದಕ್ಕೂ ‘ಒತ್ತಿ’ ಎಂದು ಕೇಳುವುದಕ್ಕೂ ಇರುವ ಅಂತರ ಎಪ್ಪತ್ತರ ಹಿರಿಯರಿಗೆ ತಟ್ಟನೆ ತಿಳಿಯುತ್ತದೆ.

ಪದವೂ ಸಂದರ್ಭವೂ

ಅನುವಾದಕರ ಕೈಗೆ ಬರುವುದು ಬಹಳ ಸಲ ಒಂಟಿ ಪದಗಳ ಪಟ್ಟಿ. ಆ ಪದ ಪುಟದಲ್ಲಿ ಎಲ್ಲಿದೆ, ಗುಂಡಿಯ ಮೇಲೋ ಶೀರ್ಷಿಕೆಯಲ್ಲೋ, ಅವರಿಗೆ ಕಾಣದು. ‘ಹೋಮ್’ ಎಂಬ ಪದ ಒಂದು ಕಡೆ ಮುಖಪುಟ, ಇನ್ನೊಂದು ಕಡೆ ಮನೆ. ‘ಆರ್ಡರ್’ ಅಂಗಡಿಯಲ್ಲಿ ಆರ್ಡರ್, ಕಚೇರಿಯಲ್ಲಿ ಆದೇಶ, ಪಟ್ಟಿಯಲ್ಲಿ ಅನುಕ್ರಮ. ಆಸ್ತಿಯ ಜಾಲತಾಣದಲ್ಲಿ ಈ ತೊಡಕು ಇನ್ನೂ ಹೆಚ್ಚು. ಬಳಕೆದಾರರ ‘ಅಕೌಂಟ್’ ಕನ್ನಡದಲ್ಲಿ ಖಾತೆ, ಬ್ಯಾಂಕಿನದೂ ಖಾತೆ, ಆಸ್ತಿಯದೂ ಖಾತೆ. ‘ನಿಮ್ಮ ಖಾತೆ ರಚನೆಯಾಗಿದೆ’ ಎಂದು ಓದಿದವರು ಮನೆಯ ಖಾತಾ ಆಯಿತೆಂದು ತಿಳಿದರೆ ಅದು ಓದಿದವರ ತಪ್ಪಲ್ಲ. ಒಂದು ಜಾಲತಾಣದಲ್ಲಿ ಒಂದು ಅರ್ಥಕ್ಕೆ ಒಂದೇ ಪದ ಎಂಬ ಪದಪಟ್ಟಿ ಮೊದಲೇ ಸಿದ್ಧವಾಗಬೇಕು. ಇಲ್ಲಿ ಆಸ್ತಿಗೆ ‘ಖಾತಾ’ ಎಂದೂ ಪ್ರವೇಶಕ್ಕೆ ‘ಲಾಗಿನ್’ ಎಂದೂ ಇಟ್ಟುಕೊಂಡರೆ ಸಾಕು.

ಅಚ್ಚಗನ್ನಡ ಬೇಕೋ ಬಳಕೆಯ ಮಾತು ಬೇಕೋ ಎಂಬ ಚರ್ಚೆ ಹಳೆಯದು. ಎರಡೂ ಕಡೆ ಭಾಷೆಯ ಪ್ರೀತಿ ಇದೆ. ಸೇವೆ ಕೊಡುವ ಪುಟದ ಮಟ್ಟಿಗೆ ಅಳತೆಗೋಲು ಒಂದೇ ಆಗಬೇಕೆಂದು ನನ್ನ ನಂಬಿಕೆ: ಕಚೇರಿಯ ಕಿಟಕಿಯ ಎರಡೂ ಬದಿಯಲ್ಲಿ ನಿಂತವರು ಯಾವ ಪದ ಆಡುತ್ತಾರೋ ಅದು. ಪಹಣಿ, ಖಾತಾ, ಮುಟೇಶನ್, ಚಲನ್ ಇವು ಯಾವ ಭಾಷೆಯಿಂದ ಬಂದರೂ ಇಂದು ಕನ್ನಡಿಗರ ಪದಗಳೇ.

ಯಂತ್ರದ ಪಾಲು

ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರ ಜೂನ್‌ನಲ್ಲಿ. 2017ರಲ್ಲಿ ಅದು ನರಜಾಲ ತಂತ್ರಕ್ಕೆ ಬದಲಾಯಿತು, 2024ರಲ್ಲಿ ತುಳುವೂ ಸೇರಿತು. 2022ರಲ್ಲಿ ಕೇಂದ್ರ ಸರ್ಕಾರದ ಅನುವಾದ ವೇದಿಕೆ ‘ಭಾಷಿಣಿ’ ಆರಂಭವಾಯಿತು. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ 2023ರಲ್ಲಿ 22 ಪರಿಶಿಷ್ಟ ಭಾಷೆಗಳಿಗೂ ಮುಕ್ತ ಅನುವಾದ ಮಾದರಿ ಕೊಟ್ಟಿತು. ಹದಿನೈದು ವರ್ಷಗಳಲ್ಲಿ ಆದ ಪ್ರಗತಿ ದೊಡ್ಡದು, ಅದನ್ನು ಅಲ್ಲಗಳೆಯುವ ಕಾರಣವಿಲ್ಲ.

ಆದರೂ ಮುಖ್ಯಮಂತ್ರಿಯ ಪ್ರಕರಣ ಏಕೆ ನಡೆಯಿತು? ‘ಮುಖ್ಯಮಂತ್ರಿಗಳು ನಿನ್ನೆ ನಿಧನರಾದ ಹಿರಿಯ ನಟಿಯ ದರ್ಶನ ಪಡೆದರು’ ಎಂಬ ಬಗೆಯ ವಾಕ್ಯವನ್ನು ಗಮನಿಸಿ. ಕರ್ತೃ ಮೊದಲಲ್ಲಿ, ಅದರ ಕ್ರಿಯಾಪದ ಕೊನೆಯಲ್ಲಿ. ನಡುವೆ ಬರುವ ‘ನಿಧನರಾದ’ ಎಂಬ ಕೃದಂತ ತನ್ನ ಮುಂದಿನ ನಾಮಪದಕ್ಕೆ ಸೇರಿದ್ದು, ಆದರೆ ಅದಕ್ಕೆ ಹತ್ತಿರವಾಗಿ ಹಿಂದೆಯೇ ಮುಖ್ಯಮಂತ್ರಿ ಇದ್ದಾರೆ. ಗೌರವ ಬಹುವಚನದಲ್ಲಿ ಲಿಂಗಭೇದವಿಲ್ಲದ್ದರಿಂದ ಆ ರೂಪ ಇಬ್ಬರಿಗೂ ಹೊಂದುತ್ತದೆ. ಕನ್ನಡಿಗರು ವಾಕ್ಯದ ಕೊನೆಯ ತನಕ ಕಾದು ಅರ್ಥ ಮಾಡಿಕೊಳ್ಳುತ್ತಾರೆ. ಕನ್ನಡದ ಪಠ್ಯವನ್ನು ಸಾಕಷ್ಟು ಓದದ ಯಂತ್ರ ಎಡವಲು ಇಲ್ಲಿ ಜಾಗವಿದೆ. ಕನ್ನಡಕ್ಕೆ 2011ರ ಜನಗಣತಿಯಂತೆ 4.37 ಕೋಟಿ ಮಾತೃಭಾಷಿಕರಿದ್ದರೂ ಜಾಲದಲ್ಲಿರುವ ಪಠ್ಯ ಆ ಪ್ರಮಾಣದಲ್ಲಿಲ್ಲ. ಇರುವುದರಲ್ಲೂ ಹಳೆಯ ಅಕ್ಷರಶೈಲಿಯ ಕಡತಗಳೂ ಚಿತ್ರರೂಪದ ಪಿಡಿಎಫ್‌ಗಳೂ ಯಂತ್ರದ ಓದಿಗೆ ಸಿಗುವುದಿಲ್ಲ. ಕಚೇರಿಗಳು ತಮ್ಮ ಸುತ್ತೋಲೆಗಳನ್ನು ಸರಿಯಾದ ಯೂನಿಕೋಡ್‌ನಲ್ಲಿ ಪ್ರಕಟಿಸಿದರೆ ಯಂತ್ರಾನುವಾದವೂ ಸುಧಾರಿಸುತ್ತದೆ. ಮೊದಲ ಹಂತದ ದೋಷ ಕೊನೆಯ ಹಂತದ ದೋಷಕ್ಕೆ ಕಾರಣವಾಗುವುದು ಹೀಗೆ.

ಯಂತ್ರವನ್ನು ಎಲ್ಲಿ ಬಳಸಬೇಕು ಎಂಬುದಕ್ಕೆ ತಪ್ಪಾದರೆ ಯಾರು ನಷ್ಟ ಹೊರುತ್ತಾರೆ ಎಂಬುದೇ ಉತ್ತರ ಕೊಡುತ್ತದೆ. ಪತ್ರಿಕಾ ಸುದ್ದಿಯ ಕರಡಿಗೆ ಅದು ಸಾಕು. ಔಷಧದ ಪ್ರಮಾಣ, ತೆರಿಗೆಯ ಗಡುವು, ಆಸ್ತಿಯ ಷರತ್ತು, ಸಾವಿನ ಸುದ್ದಿ ಇವುಗಳನ್ನು ಕನ್ನಡ ಬಲ್ಲವರು ಓದಿ ಒಪ್ಪಿದ ಮೇಲೆಯೇ ಪ್ರಕಟಿಸಬೇಕು. ಯಂತ್ರ ಮಾಡಿದ ಅನುವಾದವನ್ನು ಯಂತ್ರದ್ದೆಂದು ಹೇಳಿ, ಪಕ್ಕದಲ್ಲೇ ಮೂಲವನ್ನೂ ಇಡಬೇಕು.

ಪುಟದ ಏರ್ಪಾಟು

ಅನುವಾದ ಸರಿಯಿದ್ದರೂ ಓದುಗರಿಗೆ ತಲುಪದಿರಬಹುದು. ಪುಟದ ಒಳಗೆ ಇದು ಕನ್ನಡವೆಂದು ಗುರುತು ಹಾಕದಿದ್ದರೆ, ದೃಷ್ಟಿಹೀನರು ಬಳಸುವ ಓದುಯಂತ್ರ ಕನ್ನಡದ ದನಿಗೆ ಬದಲಾಗುವುದಿಲ್ಲ. ಆ ಗುರುತು ‘ಕೆಎನ್’. ನಮ್ಮ ವಾಹನಗಳ ಮೇಲಿರುವ ‘ಕೆಎ’ಯನ್ನು ನೆನೆದು ಅದನ್ನೇ ಬರೆದರೆ ಅದು ಜಾರ್ಜಿಯನ್ ಭಾಷೆಯ ಗುರುತು. ಬೆಂಗಳೂರಿನ ಸಂಪರ್ಕವೆಂದು ಕನ್ನಡವನ್ನೋ, ಫೋನ್ ಇಂಗ್ಲಿಷಿನಲ್ಲಿದೆಯೆಂದು ಇಂಗ್ಲಿಷನ್ನೋ ಹೇರುವುದೂ ಸರಿಯಲ್ಲ. ಇಂಗ್ಲಿಷ್ ಫೋನ್ ಹಿಡಿದು ಕನ್ನಡ ಓದುವವರು ಬಸವೇಶ್ವರನಗರದ ಪ್ರತಿ ಬೀದಿಯಲ್ಲೂ ಇದ್ದಾರೆ. ಭಾಷೆ ಬದಲಿಸುವ ಗುಂಡಿ ಎಲ್ಲ ಪುಟದಲ್ಲೂ ಕನ್ನಡ ಲಿಪಿಯಲ್ಲೇ ಕಾಣಬೇಕು. ಒತ್ತಿದಾಗ ಅದೇ ಪುಟದ ಕನ್ನಡ ರೂಪ ಬರಬೇಕು, ತುಂಬಿದ ಅರ್ಜಿ ಅಳಿಸಿಹೋಗಬಾರದು.

ಇಲ್ಲಿನ ಅತಿ ದೊಡ್ಡ ಲೋಪ ದೋಷಸಂದೇಶಗಳದ್ದು. ಸ್ವಾಗತದ ಮಾತು, ಸಚಿವರ ಸಂದೇಶ ಕನ್ನಡದಲ್ಲಿರುತ್ತವೆ. ಹಣ ಕಟ್ಟುವಾಗ ಏನೋ ತಪ್ಪಾದರೆ ಬರುವ ಎಚ್ಚರಿಕೆ, ಒಟಿಪಿ ಸಂದೇಶ, ರಸೀದಿ, ಅರ್ಜಿ ತಿರಸ್ಕಾರದ ಕಾರಣ ಇಂಗ್ಲಿಷಿನಲ್ಲಿ ಬರುತ್ತವೆ. ಕನ್ನಡ ಮಾತ್ರ ಬಲ್ಲವರಿಗೆ ಕನ್ನಡ ಅತ್ಯಗತ್ಯವಾಗುವುದು ಅಲ್ಲಿಯೇ. ಅನುವಾದದ ಕೆಲಸ ಅಲ್ಲಿಂದ ಶುರುವಾಗಬೇಕು.

ಪತ್ತೆಯ ಕ್ರಮ, ಹೊಣೆಯ ಹಂಚಿಕೆ

ಮೇಲಿನದೆಲ್ಲವನ್ನೂ ಒಂದು ಕ್ರಮಕ್ಕೆ ತರಬಹುದು. ಅಕ್ಷರ ಸರಿಯಾಗಿ ಕಾಣುತ್ತಿದೆಯೇ? ಇಲ್ಲವಾದರೆ ಇನ್ನೊಂದು ಫೋನಿನಲ್ಲಿ ನೋಡಿ. ಅಲ್ಲೂ ಕಾಣದಿದ್ದರೆ ದೋಷ ಸಂಕೇತದ್ದು. ಕಾಣುತ್ತದೆ ಆದರೆ ಹುಡುಕಿದರೆ ಸಿಗದು ಎಂದರೆ ಚಿಹ್ನೆಗಳ ರೂಪ ಪರೀಕ್ಷಿಸಿ. ಒಂದು ಹೆಸರಿನೊಂದಿಗೆ ಸರಿಯಾಗಿದ್ದು ಇನ್ನೊಂದರೊಂದಿಗೆ ಕೆಡುವ ವಾಕ್ಯದಲ್ಲಿರುವುದು ಜೋಡಣೆಯ ದೋಷ. ಪದ ಬೇರೆ ಪುಟದಲ್ಲಿ ಸರಿ, ಇಲ್ಲಿ ತಪ್ಪು ಎನಿಸಿದರೆ ಸಂದರ್ಭದ ದೋಷ. ವಾಕ್ಯ ಸರಾಗವಾಗಿದ್ದೂ ಅರ್ಥ ತಿರುಗುಮುರುಗಾಗಿದ್ದರೆ ಯಂತ್ರವನ್ನು ಸಂಶಯಿಸಬೇಕು. ತಿದ್ದಿದ ಮೇಲೂ ಹಳೆಯದೇ ಕಾಣುತ್ತಿದ್ದರೆ ಪುಟದ ಹಳೆಯ ಪ್ರತಿ ಎಲ್ಲೋ ಉಳಿದಿದೆ.

ದೂರು ಕೊಡುವವರೂ ಇದರಲ್ಲಿ ನೆರವಾಗಬಹುದು. ಪುಟದ ವಿಳಾಸ, ಪರದೆಯ ಚಿತ್ರ, ನಕಲು ಮಾಡಿದ ಪಠ್ಯ, ಏನಿರಬೇಕಿತ್ತು ಎಂಬ ಒಂದು ಸಾಲು, ಇಷ್ಟಿದ್ದರೆ ಸರಿಪಡಿಸುವವರ ಕೆಲಸ ಅರ್ಧ ಮುಗಿಯುತ್ತದೆ. ದೂರನ್ನು ಕನ್ನಡದಲ್ಲೇ ಬರೆಯುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಇಲ್ಲೊಂದು ಪಾಠ ಹೇಳುತ್ತದೆ. ಅದರ ಗುಂಡಿಗಳ, ಸಂದೇಶಗಳ ಕನ್ನಡವನ್ನು ಸ್ವಯಂಸೇವಕರೇ ಎಲ್ಲರಿಗೂ ಕಾಣುವಂತೆ ತಿದ್ದುತ್ತಾರೆ. ತಪ್ಪು ಕಂಡವರೇ ಸರಿಯಾದದ್ದನ್ನು ಸೂಚಿಸಬಹುದು. ಸರ್ಕಾರಿ ಜಾಲತಾಣಗಳೂ ತಮ್ಮ ಪದಪಟ್ಟಿಯನ್ನು ಹೀಗೆ ಜನರ ಮುಂದಿಡಲು ಯಾವ ಅಡ್ಡಿಯೂ ಇಲ್ಲ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ 2024ರ ತಿದ್ದುಪಡಿ ಅಂಗಡಿಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದಿದೆ. ಫಲಕವನ್ನು ಅಳೆಯಬಹುದು. ಜಾಲತಾಣದ ಕನ್ನಡವನ್ನು ಹಾಗೆ ಅಳೆಯಲು ಬರುವುದಿಲ್ಲ. ಅಲ್ಲಿ ಪರೀಕ್ಷೆ ಒಂದೇ: ಇಂಗ್ಲಿಷ್ ಬಾರದ ಒಬ್ಬರು ಯಾರ ನೆರವೂ ಇಲ್ಲದೆ ಅರ್ಜಿಯನ್ನು ಮೊದಲಿನಿಂದ ರಸೀದಿಯ ತನಕ ಮುಗಿಸಬಲ್ಲರೇ? ಹೊಸ ಸೇವೆಯನ್ನು ಜನರಿಗೆ ಬಿಡುವ ಮೊದಲು ರಾಜಾಜಿನಗರದಿಂದ ಕೆಂಗೇರಿಯವರೆಗಿನ ಹತ್ತು ಮಂದಿಯನ್ನು ಕೂರಿಸಿ ಇದನ್ನು ನೋಡಲು ದೊಡ್ಡ ಖರ್ಚಾಗದು. ಟೆಂಡರಿನ ಷರತ್ತುಗಳಲ್ಲಿ ಈ ಪರೀಕ್ಷೆಯನ್ನು ಬರೆದು, ಅದರಲ್ಲಿ ತೇರ್ಗಡೆಯಾದ ಮೇಲೆಯೇ ಹಣ ಪಾವತಿ ಎಂದರೆ, ಇಲ್ಲಿ ಹೇಳಿದ ದೋಷಗಳಲ್ಲಿ ಹೆಚ್ಚಿನವು ಜನರನ್ನು ತಟ್ಟುವ ಮೊದಲೇ ಸಿಕ್ಕಿಬೀಳುತ್ತವೆ. ಅಂಥ ಷರತ್ತು ಸರ್ಕಾರದ ಕೈಯಲ್ಲೇ ಇದೆ. ಅದನ್ನು ಒತ್ತಾಯಿಸುವುದು ನಮ್ಮ ಕೈಯಲ್ಲಿದೆ.